ಅಟ್ಟದ ಮೇಲಿನ ಕೊಳಲನ್ನು ಮಾರುವ ಮುನ್ನ

ಮಕ್ಕಳು ಬೆಳೆದಂತೆ ಅವರಿಗೆ ಚಿಕ್ಕದಾಗುವ ವಸ್ತುಗಳೆಂದರೆ ಚಪ್ಪಲಿ, ಸಮವಸ್ತ್ರ, ಸೈಕಲ್ ಎಂದು ನೀವು ಪಟ್ಟಿ ಹೇಳಬಹುದು. ಕೊಳಲು ಕಲಿಯುವ ಮಗುವಿರುವ ಮನೆಯಲ್ಲಿ ಆ ಪಟ್ಟಿಗೆ ಕೊಳಲೂ ಸೇರುತ್ತದೆ. ಎಂಟು-ಹತ್ತು ವರ್ಷದ ಮಗುವಿನ ಪುಟ್ಟ ಬೆರಳಿಗೆ ಎಟುಕುವುದು ಗಿಡ್ಡ ಕೊಳಲು ಮಾತ್ರ. ನಾಲ್ಕೈದು ವರ್ಷದಲ್ಲಿ ಬೆರಳು ನೀಳವಾಗುತ್ತದೆ, ಗುರುಗಳು ಇನ್ನೂ ಉದ್ದದ, ಗಂಭೀರ ಧ್ವನಿಯ ಕೊಳಲು ತರಲು ಹೇಳುತ್ತಾರೆ, ಹಳೆಯದು ಅಟ್ಟ ಸೇರುತ್ತದೆ. ಅದೇ ಊರಿನ ಇನ್ನೊಂದು ಬೀದಿಯಲ್ಲಿ ಕಲಿಯಲು ಹೊರಟ ಮಗುವಿಗೆ ಜಾತ್ರೆಯಲ್ಲೋ ಉರುಸಿನಲ್ಲೋ ಮಾರುವ ಬಣ್ಣದ ಕೊಳಲನ್ನು ಕೊಡಿಸಿರುತ್ತಾರೆ. ಅದು ಎಷ್ಟು ಊದಿದರೂ ಸ್ವರಕ್ಕೆ ಬಾರದು. ಆರು ತಿಂಗಳು ಕಳೆಯುವಷ್ಟರಲ್ಲಿ "ಇವನಿಗೆ ಸಂಗೀತ ಒಲಿಯುವುದಿಲ್ಲ ಬಿಡಿ" ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಕೊಳಲಿನ ದೋಷ ಮಗುವಿನ ಹೆಸರಿಗೆ ಬರೆಯಲ್ಪಡುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರದಂತಹ ಊರುಗಳಲ್ಲಿ ಈ ಎರಡು ಮನೆಗಳು ಪರಸ್ಪರ ಭೇಟಿಯಾದರೆ ಎಷ್ಟು ಚೆನ್ನ! ಹತ್ತಾರು ಕೊಳಲು ಊದಿ ನೋಡಿ ಆರಿಸಬೇಕೆಂದರೆ ಶಿವಮೊಗ್ಗಕ್ಕೋ ಬೆಂಗಳೂರಿಗೋ ರೈಲು ಹತ್ತಬೇಕಾದವರಿಗೆ, ಪಕ್ಕದ ಬೀದಿಯ ಹಳೆಯ ಕೊಳಲು ದೊಡ್ಡ ಉಪಕಾರ. ಆದರೆ ಒಂದು ಷರತ್ತು. ಮಾರುವವರಿಗೆ ತಾವು ಮಾರುತ್ತಿರುವುದು ಏನೆಂದು ಗೊತ್ತಿರಬೇಕು.

ಏಕೆಂದರೆ ಕೊಳಲು ಬೇರೆ ವಾದ್ಯಗಳಂತಲ್ಲ. ವೀಣೆಗೆ ಬಿರಡೆಯಿದೆ, ತಬಲಾಕ್ಕೆ ಸುತ್ತಿಗೆಯಿದೆ. ಶ್ರುತಿ ತಪ್ಪಿದರೆ ಸರಿಪಡಿಸಬಹುದು. ಕೊಳಲಿನ ಶ್ರುತಿ ಮಾತ್ರ ಬಿದಿರಿಗೆ ತೂತು ಸುಟ್ಟ ದಿನವೇ ನಿಗದಿಯಾಗುತ್ತದೆ. ತುಟಿಯ ಕಡೆಗೆ ತುಸು ಹೊರಳಿಸಿ ಊದಿದರೆ ಕೂದಲೆಳೆಯಷ್ಟು ವ್ಯತ್ಯಾಸ ಮಾಡಬಹುದೇ ಹೊರತು ಹೆಚ್ಚಿನದು ಸಾಧ್ಯವಿಲ್ಲ. ಹಾಗಾಗಿ ಹಳೆಯ ಕೊಳಲು ಮಾರುವವರು ಬೆಲೆಗಿಂತ ಮೊದಲು ಹೇಳಬೇಕಾದದ್ದು ಅದರ ಶ್ರುತಿಯನ್ನು.

ಇಲ್ಲಿಯೇ ಗೊಂದಲ ಹೆಚ್ಚು. ಕರ್ನಾಟಕ ಸಂಗೀತದವರು "ಮನೆ" ಎಂದು ಎಣಿಸುತ್ತಾರೆ. ಹಾರ್ಮೋನಿಯಂನ ಬಿಳಿ ಮನೆಗಳಲ್ಲಿ ಒಂದು ಎಂದರೆ ಸಿ, ಎರಡು ಡಿ, ಮೂರು ಇ, ಐದು ಜಿ. ಎರಡೂವರೆ, ನಾಲ್ಕೂವರೆ ಎಂಬ ಅರ್ಧಗಳೆಲ್ಲ ಕಪ್ಪು ಮನೆಗಳು. ಹಿಂದೂಸ್ತಾನಿಯವರು ನೇರವಾಗಿ ಸಿ, ಇ, ಜಿ ಎನ್ನುತ್ತಾರೆ. ಜೊತೆಗೆ, ಹಿಂದೂಸ್ತಾನಿ ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರ ಮುಚ್ಚಿದರೆ ಷಡ್ಜ, ಕರ್ನಾಟಕ ಪದ್ಧತಿಯಲ್ಲಿ ಎರಡು ಮುಚ್ಚಿದರೆ ಷಡ್ಜ. ಒಂದೇ ಉದ್ದದ ಕೊಳಲುಗಳಿಗೆ ಎರಡು ಬೇರೆ ಹೆಸರು ಬರುವುದು ಇದರಿಂದಲೇ. ರಂಧ್ರ ಎಣಿಸಿದರೆ ಯಾವ ಪದ್ಧತಿಯದೆಂದು ಬಹುಮಟ್ಟಿಗೆ ತಿಳಿಯುತ್ತದೆ. ಊದುರಂಧ್ರ ಬಿಟ್ಟು ಎಂಟಿದ್ದರೆ ಕರ್ನಾಟಕ ಪದ್ಧತಿಯ ವೇಣು, ಆರಿದ್ದರೆ ಬಾನ್ಸುರಿ. ಬಾನ್ಸುರಿಯಲ್ಲಿ ಕೆಲವೊಮ್ಮೆ ಏಳನೆಯದೂ ಇರುತ್ತದೆ. ತುದಿಯಲ್ಲಿ ಪೀಪಿಯಂತೆ ಊದುವ ಕೊಳಲು ಆಟಕ್ಕೆ ಒಳ್ಳೆಯದು, ಈ ಪಾಠಗಳಿಗೆ ಒದಗದು.

ಎಂಟು ರಂಧ್ರದ ಕೊಳಲನ್ನು ಕಚೇರಿಯ ವಾದ್ಯವಾಗಿಸಿದ ಶರಭ ಶಾಸ್ತ್ರಿಗಳು ಕಣ್ಣು ಕಾಣದವರು. ಗೋವಳರ ಕೊಳಲೆಂದು ಹಿಂದೂಸ್ತಾನಿ ಸಂಗೀತಗಾರರು ದೂರವಿಟ್ಟಿದ್ದ ಬಾನ್ಸುರಿಯನ್ನು ಉದ್ದ ಮಾಡಿ ರಾಗಕ್ಕೆ ಒಗ್ಗಿಸಿದವರು ಪನ್ನಾಲಾಲ್ ಘೋಷ್ (1911-1960). ಅವರು 1947ರಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರ ಶಿಷ್ಯರಾದರು. ಅಜ್ಜಂಪುರದವರಿಗೆ ಗೋವಳರ ಕೊಳಲೆಂದರೆ ಹೀನವೆನಿಸದು. ಟಿಪ್ಪು ಸುಲ್ತಾನ್ ಹೆಸರಿಟ್ಟ ಅಮೃತ ಮಹಲ್ ತಳಿಯ ದನಗಳ ಸಂವರ್ಧನಾ ಕೇಂದ್ರ ಇರುವುದು ಅಲ್ಲಿಯೇ ಅಲ್ಲವೆ?

ನಮ್ಮ ಸೀಮೆಯ ವಿಶೇಷವೆಂದರೆ ಗುರುಗಳು ಯಾವ ಪದ್ಧತಿಯವರೂ ಆಗಿರಬಹುದು. ಬೀರೂರು ಜಂಕ್ಷನ್ನಿನ ಒಂದು ಹಳಿ ಬೆಂಗಳೂರಿಗೆ ಹೋದರೆ ಇನ್ನೊಂದು ಹುಬ್ಬಳ್ಳಿಗೆ. ಸಂಗೀತವೂ ಹಾಗೆಯೇ, ದಕ್ಷಿಣಕ್ಕೆ ಕರ್ನಾಟಕ ಪದ್ಧತಿ, ಧಾರವಾಡದ ಕಡೆಗೆ ಹಿಂದೂಸ್ತಾನಿ. ಕೊಳ್ಳಲು ಬಂದವರನ್ನು "ಯಾರ ಬಳಿ ಕಲಿಯುತ್ತೀರಿ?" ಎಂದು ಮೊದಲು ಕೇಳಿ. ಉತ್ತರ ಹೊಂದದಿದ್ದರೆ ಮಾರಲೇಬೇಡಿ.

ಈಗ ಪರೀಕ್ಷೆಯ ಮಾತು. ನಿಮಗೆ ನುಡಿಸಲು ಬಾರದಿದ್ದರೆ ಬರುವವರನ್ನು ಕರೆಯಿರಿ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಉಚಿತ ಆ್ಯಪ್‌ಗಳಿವೆ. ಆದರೆ ಕೊಳಲನ್ನು ಕೈಗೆತ್ತಿಕೊಂಡ ಕೂಡಲೇ ಅಳೆಯಬೇಡಿ. ಬಿಸಿಗಾಳಿಯಲ್ಲಿ ಶಬ್ದ ವೇಗವಾಗಿ ಸಾಗುವುದರಿಂದ ಊದುತ್ತಾ ಹೋದಂತೆ ಶ್ರುತಿ ಸ್ವಲ್ಪ ಏರುತ್ತದೆ. ಐದು ನಿಮಿಷ ಊದಿದ ಬಳಿಕ ಅಳೆದರೆ ನಿಜ ತಿಳಿಯುತ್ತದೆ. ಷಡ್ಜ, ಪಂಚಮ, ಮೇಲಿನ ಷಡ್ಜ, ಈ ಮೂರು ಕೂಡಿಬಂದರೆ ಅರ್ಧ ಪರೀಕ್ಷೆ ಮುಗಿಯಿತು. ಕೆಳ ಷಡ್ಜಕ್ಕೂ ಮೇಲಿನದಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಊದುರಂಧ್ರದ ಪಕ್ಕದ ಬೆಂಡು ಜರುಗಿರಬಹುದು. ಅದನ್ನು ಬಲ್ಲವರು ಸರಿಯಾದ ಜಾಗಕ್ಕೆ ತಳ್ಳಿ ಕೂರಿಸುತ್ತಾರೆ, ಕೊಳಲು ಕೆಟ್ಟಿತೆಂದು ಎಸೆಯಬೇಕಿಲ್ಲ. ರಂಧ್ರದ ಅಂಚಿನಲ್ಲಿ ಮೇಣ ಕಂಡರೂ ಗಾಬರಿ ಬೇಡ. ಸ್ವರ ತಗ್ಗಿಸಲು ಕೊಳಲು ಮಾಡುವವರೇ ಹಾಗೆ ಹಚ್ಚುವುದುಂಟು. ಆದರೆ ಯಾರೋ ಚಾಕುವಿನಿಂದ ಹೆರೆದು ತೂತು ದೊಡ್ಡದು ಮಾಡಿದ್ದರೆ ಆ ಕೊಳಲು ಕಲಿಯುವವರ ಕೈಗೆ ಹೋಗಬಾರದು.

ಬಿರುಕು ಹುಡುಕಲು ಕಣ್ಣೊಂದೇ ಸಾಲದು. ಬೆರಳಿಡುವ ರಂಧ್ರಗಳಿಗೆಲ್ಲ ಟೇಪು ಅಂಟಿಸಿ, ತುದಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಊದುರಂಧ್ರದಿಂದ ಗಾಳಿ ಎಳೆದು ನೋಡಿ. ಎಳೆತ ನಿಂತರೆ ಕೊಳಲು ಗಟ್ಟಿ. ಗಾಳಿ ಬರುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ.

ಈ ಬಿರುಕಿನ ವಿಷಯದಲ್ಲಿ ನಮ್ಮ ಮೂರು ಊರುಗಳೂ ಒಂದೇ ಅಲ್ಲ. ಕಡೂರು, ಅಜ್ಜಂಪುರದ ಕಡೆ ಬಯಲುಸೀಮೆಯ ಒಣಹವೆ. ತರೀಕೆರೆಯ ಬೆನ್ನಿಗೆ ಲಕ್ಕವಳ್ಳಿ, ಕೆಮ್ಮಣ್ಣುಗುಂಡಿಯ ತೇವ. ಮಳೆಗಾಲದಲ್ಲಿ ಮಲೆನಾಡಿನ ಅಂಚಿನಲ್ಲಿದ್ದ ಕೊಳಲು ಮಾರ್ಚ್ ತಿಂಗಳಲ್ಲಿ ಕಡೂರಿನ ಬಿಸಿಲಿಗೆ ಬಂದರೆ ಬಿದಿರು ದಿಢೀರನೆ ಕುಗ್ಗಿ ಸೀಳಬಹುದು. ಎರಡು-ಮೂರು ಬೇಸಿಗೆ ಕಂಡೂ ಸೀಳದ ಕೊಳಲಿನ ಬಗ್ಗೆ ನನಗೆ ಹೊಸದಕ್ಕಿಂತ ಹೆಚ್ಚು ನಂಬಿಕೆ. ಕುಟ್ಟೆಹುಳುವಿನ ಕಾಟವೂ ಅಷ್ಟೇ. ಬಿದಿರಿನಲ್ಲಿರುವ ಪಿಷ್ಟಕ್ಕಾಗಿ ಬರುವ ಹುಳು ಸೂಜಿಮೊನೆಯಂಥ ತೂತು ಕೊರೆದು ಹಿಟ್ಟು ಉದುರಿಸುತ್ತದೆ. ಕೊಳಲನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಿ, ಹಿಟ್ಟು ಬಿದ್ದರೆ ಅದನ್ನು ಮಾರುವ ಯೋಚನೆ ಬಿಡಿ.

ಮರದ ಕೊಳಲು ಎಂದು ಕರೆದರೂ ನಮ್ಮದು ಬಿದಿರು, ಅಂದರೆ ಹುಲ್ಲಿನ ಜಾತಿ. ಭದ್ರಾ ಕಾಡಿನ ತುಂಬ ಬಿದಿರಿದ್ದರೂ ಅದು ಕೊಳಲಿಗೆ ಅಷ್ಟಾಗಿ ಒಗ್ಗದು. ಹೆಬ್ಬಿದಿರಿನ ಗೋಡೆ ದಪ್ಪ, ಕಿರುಬಿದಿರಿನ ಒಳಗು ಬಹುತೇಕ ಗಟ್ಟಿ. ಕೊಳಲಿಗೆ ಬೇಕಾದದ್ದು ತೆಳುಗೋಡೆಯ, ಗೆಣ್ಣಿನಿಂದ ಗೆಣ್ಣಿಗೆ ಉದ್ದ ಅಂತರವಿರುವ ಬಿದಿರು. ಕೊಳಲಿಗೆ ಹೆಸರಾದ ಉತ್ತರ ಪ್ರದೇಶದ ಪೀಲಿಭೀತ್ ಪಟ್ಟಣಕ್ಕೆ ಇಂಥ ಬಿದಿರು ಅಸ್ಸಾಮಿನಿಂದ ಬರುತ್ತದೆ. ಅಲ್ಲಿ ತಲೆಮಾರುಗಳಿಂದ ಈ ಕಸುಬು ಮಾಡುತ್ತಿರುವವರಲ್ಲಿ ಹೆಚ್ಚಿನವು ಮುಸ್ಲಿಮ್ ಕುಟುಂಬಗಳು. ಕೆಂಪಗೆ ಕಾಯಿಸಿದ ಸಲಾಕೆಯಿಂದ ಅಳತೆ ತಪ್ಪದಂತೆ ತೂತು ಸುಡುವ ಕೈಗಳವು. ಮೊದಲು ಮೀಟರ್ ಗೇಜ್ ರೈಲಿನಲ್ಲಿ ಬರುತ್ತಿದ್ದ ಬಿದಿರು, ಹಳಿ ಬದಲಾದ ಮೇಲೆ ರಸ್ತೆಯಲ್ಲಿ ಸುತ್ತಿ ಬರಬೇಕಾಯಿತು. ಖರ್ಚು ಹೆಚ್ಚಿತು, ಹಲವರು ಕಸುಬು ಬಿಟ್ಟರು. 1990ರ ದಶಕದಲ್ಲಿ ಬೀರೂರಿನ ಹಳಿ ಅಗಲವಾದಾಗ ನಾವು ಸಂತೋಷಪಟ್ಟೆವು. ಇನ್ನೊಂದು ಕಡೆ ಅಂಥದೇ ಬದಲಾವಣೆ ಹೀಗೂ ಆಯಿತು. ಅಟ್ಟದಲ್ಲಿ ಬಿದ್ದಿರುವ ಒಳ್ಳೆಯ ಕೊಳಲು ಎಷ್ಟು ಶ್ರಮದ ವಸ್ತುವೆಂದು ನೆನಪಿಸಲು ಇಷ್ಟು ಹೇಳಿದೆ.

ಬಾಯಿಗೆ ಇಟ್ಟುಕೊಳ್ಳುವ ವಾದ್ಯವಾದ್ದರಿಂದ ಶುಚಿಯಾಗಿಸದೆ ಕೊಡಬಾರದು. ಊದುರಂಧ್ರದ ಸುತ್ತ ಸ್ಪಿರಿಟ್ ತಾಗಿಸಿದ ಹತ್ತಿಯಿಂದ ಒರೆಸಿ. ಒಳಗನ್ನು ಕಡ್ಡಿಗೆ ಸುತ್ತಿದ ಒಣಬಟ್ಟೆಯಿಂದ ಒರೆಸಿ ಒಂದೆರಡು ದಿನ ನೆರಳಿನಲ್ಲಿ ಇಡಿ. ಬಿಸಿನೀರಿನಲ್ಲಿ ಅದ್ದಬೇಡಿ, ಬಿಸಿಲಿಗೂ ಇಡಬೇಡಿ. ನಂತರ ತೆಳ್ಳಗೆ ಎಣ್ಣೆ ಹಚ್ಚಬೇಕು. ಉತ್ತರದವರು ಸಾಸಿವೆ ಎಣ್ಣೆ ಬಳಸುತ್ತಾರೆ, ನಮ್ಮಲ್ಲಿ ಕೊಬ್ಬರಿ ಎಣ್ಣೆಯೂ ನಡೆಯುತ್ತದೆ.

ಬೆಲೆ ಎಷ್ಟು ಎನ್ನುತ್ತೀರಾ? ಶಾಲೆಯಲ್ಲಿ ಮೇಲಿನ ತರಗತಿಗೆ ಹೋದವರು ಹಳೆಯ ಪುಸ್ತಕವನ್ನು ಅರ್ಧ ಬೆಲೆಗೆ ಕೊಡುವ ರೂಢಿ ನಿಮಗೆ ಗೊತ್ತಲ್ಲ, ಅದೇ ಲೆಕ್ಕ ಇಲ್ಲಿಗೂ ಸರಿ. ಅಂತಹ ಕೊಳಲಿಗೆ ಇಂದು ಹೊಸದಾಗಿ ಎಷ್ಟಿದೆಯೋ ಅದರ ಅರ್ಧ. ಬಿರುಕು ಬಿಟ್ಟು ದಾರ ಬಿಗಿದದ್ದಾದರೆ ಇನ್ನೂ ಕಡಿಮೆ. ದಾರದ ಸುತ್ತು ಅಲಂಕಾರದ್ದೋ ಬಿರುಕು ಮುಚ್ಚಲು ಹಾಕಿದ್ದೋ ಎಂಬುದನ್ನು ನೀವಾಗಿಯೇ ಹೇಳಿ, ಅವರು ಬಿಚ್ಚಿ ನೋಡಲಾರರು. ಒಂದು ಚೀಟಿಯಲ್ಲಿ ಪದ್ಧತಿ, ಶ್ರುತಿ, ಕೊಂಡ ವರ್ಷ, ದೋಷವೇನಾದರೂ ಇದ್ದರೆ ಅದು, ಇಷ್ಟು ಬರೆದು ಕೊಳಲಿನ ಬಟ್ಟೆಚೀಲದೊಳಗೆ ಹಾಕಿ. ಮಗು ಒಂದು ವಾರ ಊದಿ ನೋಡಲಿ, ಗುರುಗಳಿಗೆ ತೋರಿಸಲಿ. ಅವರು ಬೇಡವೆಂದರೆ ಹಣ ವಾಪಸು ಎಂದು ಕೊಡುವ ದಿನವೇ ಬಾಯಿಬಿಟ್ಟು ಹೇಳಿಬಿಡಿ.