ಇಲ್ಲದ ಕೊಡಕ್ಕೂ ಭಾರವಿದೆ

ಯೂತ್ ಫೆಸ್ಟ್ ಹತ್ತಿರ ಬಂತೆಂದರೆ ನಮ್ಮ ಕಾಲೇಜಿನ ನಾಟಕ ತಂಡಕ್ಕೆ ಹೊಸಬರು ಬರುತ್ತಾರೆ. ‘ಅಣ್ಣ, ನನ್ನ ಹೆಸರು ಮೈಮ್‌ಗೆ ಬರ್ಕೊಳ್ಳಿ, ಡೈಲಾಗ್ ಬಾಯಿಪಾಠ ಮಾಡೋ ತಲೆನೋವಿರಲ್ಲ’ ಅನ್ನುವುದು ಅವರ ಲೆಕ್ಕಾಚಾರ. ಸ್ಪರ್ಧೆಯಲ್ಲಿ 6 ಜನ, 5 ನಿಮಿಷ. ಆ 5 ನಿಮಿಷ ಎಷ್ಟು ಸಂಜೆಗಳನ್ನು ನುಂಗುತ್ತದೆ ಅನ್ನುವುದು ಎರಡನೇ ವಾರಕ್ಕೆ ಗೊತ್ತಾಗುತ್ತದೆ.

ಈ ಸಲ ಹೇಳಿಕೊಡುವ ಕೆಲಸ ನನ್ನದು. ಪ್ಲೇಸ್‌ಮೆಂಟ್‌ಗೆ ಓದೋದು ಬಿಟ್ಟು ಇದೇನೋ ಎಂದು ಅಪ್ಪ ಆಗಾಗ ಕೇಳುತ್ತಾರೆ. ಕೇಳಲಿ ಬಿಡಿ.

ಹೊಸಬರೆಲ್ಲ ಮೊದಲು ಮಾಡುವುದು ಮುಖ ಕಿವುಚುವುದು. ಅದಕ್ಕೇ ಮೊದಲ ದಿನವೇ ಮುಖಕ್ಕೆ ತೆಳು ಬಟ್ಟೆ ಕಟ್ಟಿಸುತ್ತೇನೆ. ಇದು ನನ್ನ ಐಡಿಯಾ ಏನಲ್ಲ. ಫ್ರಾನ್ಸಿನ ಎಟಿಯೆನ್ ಡಕ್ರೂ ಮುಖ ಮುಚ್ಚಿಸಿ ಮೈಯಿಂದಲೇ ಅಭಿನಯ ತೆಗೆಸುತ್ತಿದ್ದರು. 1947ರಲ್ಲಿ ಬಿಪ್ ಎಂಬ ಪಾತ್ರ ಸೃಷ್ಟಿಸಿ ಜಗತ್ತನ್ನೇ ನಗಿಸಿದ, ಬಿಳಿ ಮುಖದ ಮಾರ್ಸೆಲ್ ಮಾರ್ಸೋ ಅವರದೇ ಶಿಷ್ಯ.

ಆಮೇಲೆ ಕೊಡುವ ಪಾಠ ಒಂದೇ: ಬಾವಿಯಿಂದ ನೀರು ಸೇದಿ, ಕೊಡ ಹೊತ್ತು ತನ್ನಿ. ತುಂಬಿದ ಕೊಡ ಬಲಗೈಯಲ್ಲಿದ್ದರೆ ಮೈ ಎಡಕ್ಕೆ ವಾಲಲೇಬೇಕು, ಎಡಗೈ ತಾನಾಗಿ ದೂರ ಚಾಚಬೇಕು. ಮೊದಲ ವರ್ಷ ಮೆಕ್ಯಾನಿಕ್ಸ್‌ನಲ್ಲಿ ಬರೆದ ಫ್ರೀ ಬಾಡಿ ಡಯಾಗ್ರಮ್ ಇದೇ ತಾನೆ? ಆದರೂ ನಮ್ಮ ಭಾವಿ ಎಂಜಿನಿಯರುಗಳು ಕೊಡವನ್ನು ಬಲೂನಿನಂತೆ ಎತ್ತಿಕೊಂಡು ಬಂದರು.

ಒಬ್ಬ ಹುಡುಗನನ್ನು ಬಿಟ್ಟು. ಹಳ್ಳಿಯವನು, ಎರಡನೇ ವರ್ಷ. ಲ್ಯಾಬ್ ವೈವಾದಲ್ಲಿ ಉತ್ತರ ಗೊತ್ತಿದ್ದರೂ ಇಂಗ್ಲಿಷ್ ಬಾರದೆ ತಲೆ ತಗ್ಗಿಸಿ ನಿಲ್ಲುತ್ತಾನಂತೆ. ಅವನು ಹಗ್ಗ ಎಳೆಯುವಾಗ ಒಂದು ಕೈ ಬಿಗಿಯಾಗುವವರೆಗೆ ಇನ್ನೊಂದು ಕೈ ಸಡಿಲವಾಗಲಿಲ್ಲ. ಕೊಡ ಮೇಲೆ ಬಂದಾಗ ಬಾಗಿ, ಅದರ ಕಂಠ ಹಿಡಿದು ಕಟ್ಟೆಗೆ ಎಳೆದುಕೊಂಡ. ನೀರು ತುಳುಕಿತೇನೋ, ಪಾದ ಹಿಂದಕ್ಕೆ ಸರಿಸಿದ! ನಾನು ಹೇಳಿಕೊಟ್ಟಿದ್ದರಲ್ಲಿ ಅದು ಇರಲೇ ಇಲ್ಲ. ಮನೆಯಲ್ಲಿ ದಿನಾ ನೀರು ಸೇದುವವನು ಅವನೇ ಅಂತೆ.

ಮರುದಿನದಿಂದ ಆ ಪಾಠ ಅವನಿಗೇ ಬಿಟ್ಟೆ. ‘ಲೇ, ಹಗ್ಗ ಬಿಟ್ರೆ ಕೊಡ ಬಾವಿ ಪಾಲು’ ಎಂದು ಉಳಿದವರನ್ನು ಗದರುತ್ತಾನೆ. ಅಷ್ಟು ಜೋರು ದನಿ ಅವನಿಗಿದೆ ಎಂದು ಅವನ ಕ್ಲಾಸಿನವರಿಗೂ ಗೊತ್ತಿರಲಿಲ್ಲ.

ಈಗ ಒಂದು ತೊಡಕು. ಅವನಿಗೆ ಎರಡು ಸಬ್ಜೆಕ್ಟ್ ಬ್ಯಾಕ್ ಇವೆ, ಫೆಸ್ಟ್‌ಗೆ ಹೋಗುವುದು ಬೇಡ ಎಂದಿದ್ದಾರೆ ಮನೆಯಲ್ಲಿ. ಆ ಎರಡೂ ಸಬ್ಜೆಕ್ಟನ್ನು ರಾತ್ರಿ ನಾನೇ ಹೇಳಿಕೊಡುತ್ತೇನೆ ಎಂದು ಅವರಪ್ಪನಿಗೆ ಇವತ್ತು ಸಂಜೆ ಫೋನ್ ಮಾಡಬೇಕು.