ಸ್ವಲೀನ ಮಗುವೂ ಮನೆಯ ಕನ್ನಡವೂ

ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳಿರುವ ಬಾಲಾನಗರದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಬಹುತೇಕ ಮಕ್ಕಳು ಇವನ್ನು ಆಟವಾಡುತ್ತಲೇ ಕಲಿಯುತ್ತಾರೆ. ಆದರೆ ಸ್ವಲೀನತೆ, ಅಂದರೆ ಆಟಿಸಂ ಇರುವ ಮಗು ತರಗತಿಯ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಮೌನವಾಗಿ ಮೂಲೆ ಸೇರಿದಾಗ, 'ಮನೆಯಲ್ಲಿ ಕನ್ನಡ ಬಿಡಿ' ಎಂಬ ಸಲಹೆ ತಂದೆತಾಯಿಗಳಿಗೆ ಎಷ್ಟೋ ಸಲ ದೊರೆಯುತ್ತದೆ. ಸಲಹೆ ಸುಲಭ, ಆಧಾರ ಮಾತ್ರ ಇಲ್ಲ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಇಂತಹ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುವುದೆಂದು ಅಧ್ಯಯನಗಳು ಕಂಡಿಲ್ಲ. ತಾಯಿಯು ತನಗೇ ಸರಾಗವಲ್ಲದ ಇಂಗ್ಲಿಷಿಗೆ ತಿರುಗಿದರೆ ಅವಳ ಮಾತೇ ಕಡಿಮೆಯಾಗುತ್ತದೆ, ಅಜ್ಜಿಯಂತೂ ಮೂಕಳಾಗುತ್ತಾಳೆ.

ಹೊರೆ ಇಳಿಯಬೇಕಾದುದು ಶಾಲೆಯಲ್ಲಿ. 1995ರ ಅಂಗವಿಕಲರ ಕಾಯಿದೆಯಲ್ಲಿ ಹೆಸರಿಲ್ಲದ ಸ್ವಲೀನತೆ 2016ರ ಕಾಯಿದೆಯಲ್ಲಿ ಸೇರಿತು. ಸರ್ಕಾರದ ಮಾನ್ಯತೆಯುಳ್ಳ ಶಾಲೆ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಕಲ್ಪಿಸಬೇಕು. ಪ್ರಮಾಣಪತ್ರವಿದ್ದರೆ ಸಿ.ಬಿ.ಎಸ್.ಇ.ಯಲ್ಲಿ ತೃತೀಯ ಭಾಷೆಯಿಂದ ವಿನಾಯಿತಿ, ಪರೀಕ್ಷೆಯಲ್ಲಿ ಲಿಪಿಕಾರ, ಹೆಚ್ಚಿನ ಕಾಲ ದೊರೆಯುತ್ತವೆ.

ಮಗುವಿನ ತಪಾಸಣೆಗೆ ದೂರ ಅಲೆಯಬೇಕಿಲ್ಲ. 1984ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಬೌದ್ಧಿಕ ವಿಕಲಚೇತನರ ಸಂಸ್ಥೆ ಸಮೀಪದ ಮನೋವಿಕಾಸನಗರದಲ್ಲಿಯೇ ಇದೆ. ಅಲ್ಲಿ ಮನೆಮಾತು ಕನ್ನಡವೆಂದು ಮೊದಲೇ ತಿಳಿಸತಕ್ಕದ್ದು. ತೆಲುಗಿನ ಪ್ರಶ್ನೆಗೆ ಮಗು ಸುಮ್ಮನಿದ್ದರೆ ಅದು ತಿಳಿಯದ ಮೌನವೋ, ಭಾಷೆ ಬಾರದ ಮೌನವೋ ಎಂಬುದು ಪರೀಕ್ಷಿಸುವವರಿಗೆ ಗೊತ್ತಾಗಬೇಕಷ್ಟೆ.