ಹಳೆಯ ಗಾಡಿಗೆ ಹೊಸ ಎಂಜಿನ್ನು

ಖಾರಘರದ ನಮ್ಮ ಕಟ್ಟಡದ ಕೆಳಗೆ ನಿಂತಿರುವ 2003ರ ಝೆನ್ ಗಾಡಿಯನ್ನು ಕಂಡವರು, "ಇದನ್ನಿನ್ನೂ ಇಟ್ಟುಕೊಂಡಿರುವಿರಾ?" ಎಂದು ಕೇಳುವುದುಂಟು. ಇಟ್ಟುಕೊಂಡಿದ್ದೇವೆ. ಪ್ರತಿ ಮೇ ತಿಂಗಳಲ್ಲಿ ಪುಣೆ, ಕೊಲ್ಹಾಪುರ, ಬೆಳಗಾವಿಗಳನ್ನು ದಾಟಿ ನಮ್ಮನ್ನು ಧಾರವಾಡದ ಅಜ್ಜಿಯ ಮನೆಗೆ ಮುಟ್ಟಿಸಿದ ಗಾಡಿ ಅದು. ಈ ವರ್ಷ ಮಾತ್ರ ಖಂಬಾಟಕಿ ಘಾಟಿನಲ್ಲಿ ನೀಲಿ ಹೊಗೆ ಕಾರಿ ನಿಂತುಬಿಟ್ಟಿತು. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸದ ತಪ್ಪು ನಮ್ಮದೇ. ಎಂಬತ್ತೆಂಟರ ಅಜ್ಜಿ ಅಂದು ರಾತ್ರಿಯೆಲ್ಲ ಬಾಗಿಲಲ್ಲಿಯೇ ಕುಳಿತಿದ್ದಳಂತೆ.

ಎಂಜಿನ್ನು ಬದಲಿಸುವುದೆಂದು ನಿಶ್ಚಯವಾಯಿತು. ಆದರೆ ಯಾವುದನ್ನು ಹಾಕಿಸುವುದು?

"ಅಪ್ಪಾ, ಎಸ್ಟೀಮಿಂದು ಹಾಕಸೋಣ. 1298 ಸಿ.ಸಿ.! ಘಾಟ್ ಏರಿದ್ದು ಗೊತ್ತಾಗೂದೇ ಇಲ್ಲ" ಎಂದ ಮಗರಾಯ. ನಮ್ಮ ಗಾಡಿಯದು 993 ಸಿ.ಸಿ. ಎರಡೂ ಸುಜುಕಿಯ ಒಂದೇ ಮನೆತನದವು. ಸಂಬಂಧ ಕೂಡಿಬರುವುದೆಂದು ನಾವೂ ಎಣಿಸಿದೆವು.

ಕಳಂಬೋಲಿಯ ಮೇಸ್ತ್ರಿ ನಕ್ಕುಬಿಟ್ಟ. "ಕಾಕಾ, ಬರೀ ಎಂಜಿನ್ ಬರೋದಿಲ್ಲ, ಅದರ ಸಂಸಾರವೆಲ್ಲ ಬರತದ."

ಅವನ ಮಾತಿನಲ್ಲಿ ಹುರುಳಿತ್ತು. ಕುರ್ಲೆಯಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ ನೆನಪಿದೆಯಲ್ಲವೆ? 2023ರ ಅಕ್ಟೋಬರದಲ್ಲಿ ಮುಂಬಯಿಯ ಟ್ಯಾಕ್ಸಿಗಳ ಸಾಲಿನಿಂದ ಅದು ಮರೆಯಾಯಿತು. ಅದರಲ್ಲಿ ಎಂಜಿನ್ನು ಮುಂದೆ, ಎಳೆಯುವ ಗಾಲಿ ಹಿಂದೆ. ನಡುವೆ ಉದ್ದನೆಯ ದಂಡ. ಝೆನ್ ಹಾಗಲ್ಲ. ಎಂಜಿನ್ನು ಅಡ್ಡಲಾಗಿ ಕುಳಿತಿದೆ. ಗೇರುಪೆಟ್ಟಿಗೆ, ಡಿಫರೆನ್ಷಿಯಲ್ ಅದರ ಪಕ್ಕಕ್ಕೇ ಅಂಟಿಕೊಂಡಿವೆ. ಅಲ್ಲಿಂದ ಉದ್ದ ಬೇರೆಬೇರೆಯಾದ ಎರಡು ಆಕ್ಸಲುಗಳು ಮುಂದಿನ ಗಾಲಿಗಳಿಗೆ ಹೋಗುತ್ತವೆ. ಎಳೆಯುವುದೂ ತಿರುಗುವುದೂ ಅದೇ ಗಾಲಿಗಳು. ಬಲ ಹೆಚ್ಚಾದರೆ ಸ್ಟಿಯರಿಂಗು ಒಂದು ಬದಿಗೆ ಜಗ್ಗುವುದುಂಟು. ಭಾರ ಹೆಚ್ಚಾದರೆ ಮುಂದಿನ ಸ್ಪ್ರಿಂಗು, ಬ್ರೇಕುಗಳ ವಿಚಾರವೂ ಬಂತು. ಮೌಂಟಿಂಗು, ರೇಡಿಯೇಟರು, ವೈರಿಂಗು, ಎಂಜಿನ್ನಿನ ಕಂಪ್ಯೂಟರು ಎಲ್ಲವೂ ಹೊಂದಬೇಕು. ಮಗ ಅಳತೆಪಟ್ಟಿ ಹಿಡಿದು ಎರಡು ಸಂಜೆ ಬಾನೆಟ್ಟಿನೊಳಗೆ ತಲೆ ತೂರಿಸಿದ. ಇಷ್ಟು ಶ್ರದ್ಧೆ ಪರೀಕ್ಷೆಯ ಹೊತ್ತಿಗೆ ಕಂಡಿದ್ದಿಲ್ಲ!

ಅಷ್ಟನ್ನೂ ಹೊಂದಿಸಬಹುದೆನ್ನಿ. ಕಾಯಿದೆಯ ಗತಿ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ಮೊದಲು ಕೊಟ್ಟ ವಿವರಕ್ಕೂ ನೋಂದಣಿ ಪತ್ರಕ್ಕೂ ವ್ಯತ್ಯಾಸ ಬೀಳುವಂತೆ ಗಾಡಿಯನ್ನು ಮಾರ್ಪಡಿಸಕೂಡದು, ಸಿ.ಎನ್.ಜಿ. ಕಿಟ್ಟಿನಂಥವಕ್ಕೆ ವಿನಾಯಿತಿ ಉಂಟು. 2019ರ ಜನವರಿಯಲ್ಲಿ ಸುಪ್ರೀಮ್ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ನಮ್ಮ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಯ್ಯಬೇಕು. ಕದ್ದುಮುಚ್ಚಿ ದೊಡ್ಡ ಎಂಜಿನ್ನು ಕೂಡಿಸಿದ ಮೇಲೆ ಘಾಟಿನಲ್ಲಿ ಅಪಘಾತವಾಯಿತೆನ್ನಿ. ವಿಮೆಯವರು ಕೈಯೆತ್ತಿದರೆ ಯಾರನ್ನು ಕೇಳುವುದು?

ಕೊನೆಗೆ ಅದೇ ಜಾತಿಯ 993ನ್ನೇ ಹುಡುಕುವುದೆಂದು ತೀರ್ಮಾನಿಸಿದೆವು. ಬಿಲ್ಲಿಲ್ಲದ ಮಾಲು ಬೇಡವೇ ಬೇಡ. ಹೊಸ ನಂಬರನ್ನು ಪನವೇಲಿನ ಆರ್.ಟಿ.ಓ. ಕಚೇರಿಯಲ್ಲಿ ಬರೆಯಿಸಬೇಕು, ವಿಮೆಯವರಿಗೂ ತಿಳಿಸಬೇಕು. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ. ಅಜ್ಜಿ ಫೋನಿನಲ್ಲಿ, "ಮೆಲ್ಲಕ ಬಂದರೂ ಚಿಂತಿಲ್ಲೋ, ಬಾ" ಎಂದಳು, ಮುಖ ಇಳಿಯಿತು.

ಬರುವ ರವಿವಾರ ಕುರ್ಲೆಯ ಸಿ.ಎಸ್.ಟಿ. ರಸ್ತೆಯ ಹಳೆ ಸಾಮಾನಿನ ಅಂಗಡಿಗಳಿಗೆ ಹೊರಡುವವರಿದ್ದೇವೆ. ಎಸ್ಟೀಮಿನ ಎಂಜಿನ್ನು ಕಂಡರೆ ಮುಟ್ಟಿ ನೋಡಲು ಮಗನಿಗೆ ಅಪ್ಪಣೆ ಕೊಟ್ಟಿದ್ದೇವೆ.